ಶೀಟ್‌ನಲ್ಲಿ ಅಟ್ಯಾಕ್ ಬೋನಸ್ ತಪ್ಪು ಬಂದರೆ ಎಲ್ಲಿ ಹುಡುಕಬೇಕು?

ಪ್ರಶ್ನೆ: ನಾವು ಐದು ಜನ ಗೆಳೆಯರು ಶನಿವಾರ ರಾತ್ರಿ ಆನ್‌ಲೈನ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಕಥೆಯ ಆಟ) ಆಡುತ್ತೇವೆ. ಐದನೇ ಆವೃತ್ತಿ, 2014ರ ನಿಯಮಗಳು. ಪಾತ್ರದ ವಿವರಪಟ್ಟಿ, ಅಂದರೆ ಶೀಟ್, ಇರುವುದು ಫೌಂಡ್ರಿ ಸಾಫ್ಟ್‌ವೇರ್‌ನಲ್ಲಿ. ನನ್ನ ಪಾತ್ರಕ್ಕೆ ಎರಡು ಕ್ಲಾಸ್ (ಪಾತ್ರದ ಕಸುಬು): ರೋಗ್ 3, ಫೈಟರ್ 2, ಒಟ್ಟು 5ನೇ ಲೆವೆಲ್. ಡೆಕ್ಸ್ಟೆರಿಟಿ (ಚುರುಕುತನ) 18, ಸ್ಟ್ರೆಂತ್ (ಬಲ) 10. ಫೈಟರ್ ಆದಾಗ ಆರ್ಚರಿ ಸ್ಟೈಲ್ ತಗೊಂಡೆ. ಆಗ ಶೀಟ್‌ನಲ್ಲಿ ಅದನ್ನು ಎಲ್ಲಿ ಹಾಕಬೇಕೋ ಗೊತ್ತಾಗದೆ ಬಿಲ್ಲಿಗೆ +2 ಕೈಯಾರೆ ಸೇರಿಸಿದ ನೆನಪು. ಡಿಎಂ (ಆಟ ನಡೆಸುವವರು) ಕಥೆಯಲ್ಲಿ ಕೊಟ್ಟ ಒಂದು +1 ರೇಪಿಯರ್ (ತೆಳು ಕತ್ತಿ) ಇದೆ, ಅದನ್ನು ನಾನೇ ಹೊಸ ಐಟಂ ಆಗಿ ಮಾಡಿಕೊಂಡೆ. ಈಗ ಶೀಟ್ ರೇಪಿಯರ್‌ಗೆ +4 (ಡ್ಯಾಮೇಜ್ 1ಡಿ8+1, ಅಂದರೆ ಎಂಟು ಮುಖದ ಒಂದು ದಾಳ ಉರುಳಿಸಿ 1 ಕೂಡಿಸುವುದು), ಲಾಂಗ್‌ಬೋಗೆ +11 (1ಡಿ8+4), ಜಾವೆಲಿನ್‌ಗೆ +3 (1ಡಿ6) ತೋರಿಸುತ್ತಿದೆ. ಮೂರೂ ತಪ್ಪು ಅನಿಸುತ್ತದೆ. ಜಾವೆಲಿನ್ ಎಸೆಯುವ ಆಯುಧ, ಆರ್ಚರಿ ಇದೆ, ಹಾಗಾಗಿ +9 ಬರಬೇಕಲ್ವಾ? ಕಳೆದ ವಾರ ಗೆಳೆಯನೊಬ್ಬ “ನಿಂಗೆ +11 ಹೇಗೆ ಬಂತು?” ಅಂತ ಎಲ್ಲರ ಮುಂದೆ ಕೇಳಿದ. ಬೇಕಂತಲೇ ಜಾಸ್ತಿ ಹಾಕಿಕೊಂಡಿದ್ದೇನೆ ಅಂದುಕೊಂಡರೇನೋ ಅಂತ ಬೇಜಾರಾಗಿದೆ. ಸರಿಯಾದ ನಂಬರ್ ಟೈಪ್ ಮಾಡಿ ಮುಗಿಸಲೇ, ಇಲ್ಲ ಶೀಟನ್ನೇ ಹೊಸದಾಗಿ ಮಾಡಲೇ? ಜೊತೆಗೆ, 4ನೇ ಲೆವೆಲ್ ದಾಟಿದರೂ ಎಬಿಲಿಟಿ ಸ್ಕೋರ್ ಹೆಚ್ಚಿಸುವ ಅವಕಾಶ ಬರಲೇ ಇಲ್ಲ. ಅದೂ ಶೀಟ್‌ನ ದೋಷವೇ?

ಉತ್ತರ: ನಿಮ್ಮ ಮೂರು ನಂಬರ್‌ಗಳಲ್ಲಿ ಎರಡು ತಪ್ಪು, ಒಂದು ಸರಿ. ಸರಿ ಇರುವುದು ನಿಮಗೆ ಅತಿ ಹೆಚ್ಚು ಅನುಮಾನ ಇರುವ ಜಾವೆಲಿನ್. ತಪ್ಪಾದ ಎರಡರಲ್ಲೂ ಸಾಫ್ಟ್‌ವೇರ್ ಕೆಟ್ಟಿಲ್ಲ. ಒಂದು ಕಡೆ ಅದಕ್ಕೆ ಹೇಳಬೇಕಾದ ಒಂದು ವಿಷಯ ಹೇಳಿಲ್ಲ, ಇನ್ನೊಂದು ಕಡೆ ಒಂದೇ ವಿಷಯವನ್ನು ಎರಡು ಸಲ ಹೇಳಲಾಗಿದೆ. ಹತ್ತು ನಿಮಿಷದ ಕೆಲಸ. ಶೀಟ್ ಹೊಸದಾಗಿ ಮಾಡುವ ಅಗತ್ಯ ಇಲ್ಲ.

ನಾನು ಆನ್‌ಲೈನ್ ಟೇಬಲ್‌ಗಳಿಗೆ ಡಿಎಂ ಆಗಿ ಆಟ ನಡೆಸುತ್ತೇನೆ, ಬೇರೆಯವರ ಶೀಟ್ ಸರಿಮಾಡಿಕೊಡುವುದೂ ನನ್ನ ಕೆಲಸದ ಭಾಗವೇ. ನಿಮ್ಮಂಥ ಪ್ರಶ್ನೆ ಬಂದಾಗ ಮೊದಲು ಶೀಟ್ ತೆರೆಯುವುದಿಲ್ಲ. ಕಾಗದದ ಮೇಲೆ ಲೆಕ್ಕ ಹಾಕುತ್ತೇನೆ. ಸರಿಯಾದ ಉತ್ತರ ಎಷ್ಟು ಅಂತ ಗೊತ್ತಿಲ್ಲದೆ ಸೆಟ್ಟಿಂಗ್‌ಗಳ ಒಳಗೆ ಇಳಿದರೆ, ಸರಿ ಇದ್ದದ್ದನ್ನೂ ಕೆಡಿಸಿ ಹೊರಗೆ ಬರುತ್ತೇವೆ.

ಐದನೇ ಆವೃತ್ತಿಯ ಲೆಕ್ಕ ಸಣ್ಣದು. ಏಟು ತಗಲಿತೇ ಅಂತ ನೋಡಲು ಡಿ20 (ಇಪ್ಪತ್ತು ಮುಖದ ದಾಳ) ಉರುಳಿಸಿ, ಅದಕ್ಕೆ ಎಬಿಲಿಟಿ ಮಾಡಿಫೈಯರ್ (ಸ್ಟ್ರೆಂತ್ ಅಥವಾ ಡೆಕ್ಸ್ ಸ್ಕೋರ್‌ನಿಂದ ಬರುವ ಅಂಕ) ಸೇರಿಸಬೇಕು. ಆ ಆಯುಧದಲ್ಲಿ ಪ್ರೊಫಿಷಿಯನ್ಸಿ (ಪಳಗಿದ ಕೈ) ಇದ್ದರೆ ಅದರ ಬೋನಸ್. ಆಯುಧ ಮಾಯದ್ದಾದರೆ ಅದರ +1, +2 ಅಥವಾ +3. ಕೊನೆಗೆ ಆರ್ಚರಿಯಂಥ ವಿಶೇಷ ಇದ್ದರೆ ಅದು. ನಿಮ್ಮ ಡೆಕ್ಸ್ 18, ಅಂದರೆ +4. ಸ್ಟ್ರೆಂತ್ 10, ಅಂದರೆ 0. ಒಟ್ಟು 5ನೇ ಲೆವೆಲ್‌ಗೆ ಪ್ರೊಫಿಷಿಯನ್ಸಿ +3. ಆರ್ಚರಿ +2. ರೇಪಿಯರ್‌ನ ಮಾಯ +1.

ರೇಪಿಯರ್: 4+3+1, ಬರಬೇಕಾದದ್ದು +8. ಲಾಂಗ್‌ಬೋ: 4+3+2, ಬರಬೇಕಾದದ್ದು +9. ಜಾವೆಲಿನ್: 0+3, ಅಷ್ಟೇ.

ರೇಪಿಯರ್‌ನಲ್ಲಿ ನಾಲ್ಕು ಕಡಿಮೆ. ನಿಮ್ಮ ಡೆಕ್ಸ್ ಕೂಡ ನಾಲ್ಕು, ಹಾಗಾಗಿ ಡೆಕ್ಸ್ ಬಿಟ್ಟುಹೋಗಿದೆ ಅಂತ ಥಟ್ ಅಂತ ಹೇಳಿಬಿಡಬಹುದು. ಆದರೆ ಸ್ವಲ್ಪ ತಡೆಯಿರಿ. ಪ್ರೊಫಿಷಿಯನ್ಸಿಯ ಮೂರು ಮತ್ತು ಮಾಯದ ಒಂದು, ಇವೆರಡೂ ಬಿಟ್ಟುಹೋದರೂ ಕಡಿಮೆ ಆಗುವುದು ನಾಲ್ಕೇ. ಪೂರ್ತಿ ಬೇರೆ ಬೇರೆ ಎರಡು ತಪ್ಪುಗಳು ಒಂದೇ +4 ತೋರಿಸುತ್ತವೆ. ಹಾಗಾದರೆ ಯಾವುದು ಅಂತ ಕಂಡುಹಿಡಿಯುವುದು ಹೇಗೆ?

ಅದಕ್ಕೆ ಡ್ಯಾಮೇಜ್ ನೋಡಬೇಕು. ನೀವು ಅದನ್ನೂ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಡ್ಯಾಮೇಜ್‌ಗೆ ಎಬಿಲಿಟಿ ಸೇರುತ್ತದೆ, ಮಾಯದ ಬೋನಸ್ ಸೇರುತ್ತದೆ, ಪ್ರೊಫಿಷಿಯನ್ಸಿ ಮಾತ್ರ ಸೇರುವುದಿಲ್ಲ. ನಿಮ್ಮ ರೇಪಿಯರ್ 1ಡಿ8+1 ತೋರಿಸುತ್ತಿದೆ. ಆ +1 ಮಾಯದ್ದು. ಡೆಕ್ಸ್ ಲೆಕ್ಕಕ್ಕೆ ಬಂದಿದ್ದರೆ 1ಡಿ8+5 ಆಗಬೇಕಿತ್ತು. ಅಟ್ಯಾಕ್ 4, ಡ್ಯಾಮೇಜ್ 1, ನಡುವಿನ ಅಂತರ 3. ಅದು ಪ್ರೊಫಿಷಿಯನ್ಸಿ, ಅದು ಸರಿಯಾಗಿ ಕೂತಿದೆ. ಅಂದಮೇಲೆ ಶೀಟ್ ನಿಮ್ಮ ರೇಪಿಯರ್‌ನ್ನು ಸ್ಟ್ರೆಂತ್ ಮೇಲೆ ಬೀಸುತ್ತಿದೆ. ಡ್ಯಾಮೇಜ್ 1ಡಿ8+4 ಇದ್ದಿದ್ದರೆ ನನ್ನ ಉತ್ತರ ಪೂರ್ತಿ ಬೇರೆ ಆಗುತ್ತಿತ್ತು.

ಹತ್ತಿರದಿಂದ ಬೀಸುವ ಆಯುಧಕ್ಕೆ, ಅಂದರೆ ಮೆಲೀ ಆಯುಧಕ್ಕೆ, ಸ್ಟ್ರೆಂತ್ ಅನ್ನುವುದು ಮೂಲ ನಿಯಮ. ಫಿನೆಸ್ ಗುಣ ಇರುವ ರೇಪಿಯರ್, ಡ್ಯಾಗರ್, ಶಾರ್ಟ್‌ಸ್ವೋರ್ಡ್‌ನಂಥವಕ್ಕೆ ಮಾತ್ರ ಸ್ಟ್ರೆಂತ್ ಅಥವಾ ಡೆಕ್ಸ್, ಯಾವುದು ಬೇಕೋ ಅದು. ಫೌಂಡ್ರಿಯಲ್ಲಿ ಫಿನೆಸ್‌ಗೆ ಟಿಕ್ ಇದ್ದರೆ ಜಾಸ್ತಿ ಇರುವುದನ್ನು ತಾನೇ ಆರಿಸಿಕೊಳ್ಳುತ್ತದೆ. ಆದರೆ ನೀವು ಹೊಸ ಐಟಂ ಮಾಡಿ “ರೇಪಿಯರ್” ಅಂತ ಹೆಸರು ಬರೆದಿದ್ದೀರಿ ಅಷ್ಟೇ. ಸಾಫ್ಟ್‌ವೇರ್ ಹೆಸರನ್ನು ಓದಿ ಅರ್ಥ ಮಾಡಿಕೊಳ್ಳುವುದಿಲ್ಲ. ಐಟಂ ತೆರೆದು ಡೀಟೇಲ್ಸ್‌ಗೆ ಹೋಗಿ. ಮಾರ್ಷಲ್ ಮೆಲೀ ಅನ್ನುವ ವಿಧ, ಬೇಸ್ ಆಯುಧ ರೇಪಿಯರ್, ಗುಣಗಳಲ್ಲಿ ಫಿನೆಸ್ ಮತ್ತು ಮ್ಯಾಜಿಕಲ್, ಇಷ್ಟೂ ಇವೆಯಾ ನೋಡಿ. ಫಿನೆಸ್‌ಗೆ ಟಿಕ್ ಹಾಕಿದ ಕೂಡಲೇ +8 ಬರಬೇಕು, ಡ್ಯಾಮೇಜ್ 1ಡಿ8+5 ಆಗಬೇಕು. ಎರಡೂ ಬಂದರೆ ಮಾತ್ರ ಸರಿಯಾಯಿತು ಅಂತ ನಂಬಿ.

ಇಲ್ಲಿ ಒಂದು ಕಡೆ ತುಂಬಾ ಜನ ಎಡವುತ್ತಾರೆ. ಫೌಂಡ್ರಿಯಲ್ಲಿ ಪಕ್ಕದ ಪಟ್ಟಿಯಿಂದ ಐಟಂ ಎಳೆದು ಪಾತ್ರದ ಮೇಲೆ ಬಿಟ್ಟಾಗ ಅದರ ಒಂದು ನಕಲು ಪಾತ್ರಕ್ಕೆ ಹೋಗುತ್ತದೆ. ಆಮೇಲೆ ಪಟ್ಟಿಯಲ್ಲಿರುವ ಮೂಲ ಐಟಂ ತಿದ್ದಿದರೆ ಪಾತ್ರದ ಹತ್ತಿರ ಇರುವ ನಕಲು ಬದಲಾಗುವುದಿಲ್ಲ. “ಟಿಕ್ ಹಾಕಿದೆ, ಆದರೂ ಏನೂ ಆಗಲಿಲ್ಲ” ಅನ್ನುವವರಲ್ಲಿ ಬಹಳಷ್ಟು ಜನ ಮೂಲವನ್ನು ತಿದ್ದಿರುತ್ತಾರೆ. ನಿಮ್ಮ ಶೀಟ್ ತೆರೆದು, ಅದರ ಇನ್ವೆಂಟರಿಯಿಂದಲೇ ಆಯುಧ ತೆರೆಯಿರಿ.

ಈಗ ಬಿಲ್ಲಿಗೆ ಬರೋಣ. ಎರಡು ಜಾಸ್ತಿ. ಡ್ಯಾಮೇಜ್ 1ಡಿ8+4 ಸರಿ ಇದೆ, ಹಾಗಾಗಿ ಡೆಕ್ಸ್ ತಪ್ಪಿಲ್ಲ. ಉಳಿದ 7ರಲ್ಲಿ ಮೂರು ಪ್ರೊಫಿಷಿಯನ್ಸಿ, ಮಿಕ್ಕ ನಾಲ್ಕು ಎರಡು ಸಲ ಬಂದ ಆರ್ಚರಿ. ನೀವೇ ಬರೆದಿದ್ದೀರಲ್ಲ, ಮೊದಲು ಕೈಯಾರೆ +2 ಹಾಕಿದೆ ಅಂತ. ಆಮೇಲೆ ಯಾವಾಗಲೋ, ಬಹುಶಃ ಫೈಟರ್ 2 ಆಗುವಾಗ, ಆರ್ಚರಿಯನ್ನೂ ಶೀಟ್‌ಗೆ ಎಳೆದು ಹಾಕಿದ್ದೀರಿ. ಅದು ತನ್ನ +2 ತಾನೇ ಕೊಡುತ್ತಿದೆ. ಹಳೆಯದು ಅಲ್ಲೇ ಉಳಿದಿದೆ.

ಆ ಹಳೆಯ +2 ಎಲ್ಲಿ ಕೂತಿದೆ ಅಂತ ತಿಳಿಯಲು ಸುಲಭದ ದಾರಿ ಒಂದಿದೆ. ಕಂಪೆಂಡಿಯಂನಿಂದ (ಸಿದ್ಧ ಐಟಂಗಳ ಸಂಗ್ರಹ) ಒಂದು ಸಾದಾ ಶಾರ್ಟ್‌ಬೋ ಎಳೆದು ಪಾತ್ರಕ್ಕೆ ಕೊಡಿ. ಯಾರೂ ಕೈ ಹಾಕದ ಹೊಸ ಆಯುಧ ಅದು. ಅದಕ್ಕೆ +9 ಬಂದರೆ ಪಾತ್ರದ ಲೆಕ್ಕ ಸರಿ ಇದೆ, ಹೆಚ್ಚಿನ ಎರಡು ಲಾಂಗ್‌ಬೋ ಐಟಂ ಒಳಗೇ ಇದೆ. ಅದರ ಅಟ್ಯಾಕ್ ಬೋನಸ್ ಖಾನೆ ಖಾಲಿ ಮಾಡಿ. ಶಾರ್ಟ್‌ಬೋಗೂ +11 ಬಂದರೆ ಹೆಚ್ಚಿನ ಎರಡು ಪಾತ್ರದ ಮೇಲೇ ಇದೆ. ಎಫೆಕ್ಟ್ಸ್ ಟ್ಯಾಬ್‌ನಲ್ಲಿ ಎರಡು ಆರ್ಚರಿ ಇದೆಯಾ, ಇಲ್ಲ ಎಲ್ಲ ರೇಂಜ್ಡ್ (ಬಿಲ್ಲಿನಂಥ, ದೂರಕ್ಕೆಂದೇ ಇರುವ) ಆಯುಧಗಳಿಗೂ ಸೇರುವ ಬೋನಸ್ ಖಾನೆಯಲ್ಲಿ 2 ಅಂತ ಇದೆಯಾ ನೋಡಿ. ಕೆಲಸ ಮುಗಿದ ಮೇಲೆ ಶಾರ್ಟ್‌ಬೋ ಅಳಿಸಿ. ಯಾವ ಶೀಟ್ ಕೈಗೆ ಬಂದರೂ ನಾನು ಹೀಗೇ ಮಾಡುವುದು. ತಪ್ಪು ಆಯುಧದ್ದೋ ಪಾತ್ರದ್ದೋ ಅನ್ನುವುದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ತೆಗೆಯುವಾಗ ಕೈಯಾರೆ ಹಾಕಿದ +2 ತೆಗೆಯಿರಿ, ಆರ್ಚರಿಯನ್ನಲ್ಲ. ಎರಡರಲ್ಲಿ ಯಾವುದು ತೆಗೆದರೂ ಇವತ್ತಿಗೆ +9 ಬರುತ್ತದೆ, ನಿಜ. ಆದರೆ ನಾಳೆ ನೀವು ಬೇರೆ ಬಿಲ್ಲು ಹಿಡಿದಾಗ ಆರ್ಚರಿ ಅದಕ್ಕೂ ಸೇರುತ್ತದೆ, ಒಂದು ಬಿಲ್ಲಿನ ಖಾನೆಗೆ ಟೈಪ್ ಮಾಡಿದ್ದು ಸೇರುವುದಿಲ್ಲ.

ಜಾವೆಲಿನ್ ವಿಷಯದಲ್ಲಿ ಇರುವ ನಂಬಿಕೆ ತುಂಬಾ ಹಳೆಯದು, ಅನುಭವಿ ಡಿಎಂಗಳಲ್ಲೂ ಕೇಳಿದ್ದೇನೆ. ಎಸೆದರೆ ಅದು ರೇಂಜ್ಡ್ ಆಯುಧ, ಹಾಗಾಗಿ ಡೆಕ್ಸ್, ಹಾಗಾಗಿ ಆರ್ಚರಿ ಅಂತ. ನಿಯಮ ಹಾಗಿಲ್ಲ. ಜಾವೆಲಿನ್ ಮೆಲೀ ಆಯುಧಗಳ ಪಟ್ಟಿಯಲ್ಲಿದೆ, ಅದಕ್ಕೆ ಎಸೆಯಬಹುದಾದ ಗುಣ ಇದೆ ಅಷ್ಟೇ. ಎಸೆದರೂ ಸ್ಟ್ರೆಂತ್ ಮೇಲೆಯೇ ಹೋಗುತ್ತದೆ. ಆರ್ಚರಿ ಕೊಡುವುದು ರೇಂಜ್ಡ್ ಆಯುಧಗಳಿಗೆ ಮಾತ್ರ, ದೂರದಿಂದ ಮಾಡುವ ಎಲ್ಲ ದಾಳಿಗೂ ಅಲ್ಲ. ಡ್ಯಾಗರ್ ಎಸೆದರೆ ಫಿನೆಸ್ ಇರುವುದರಿಂದ ಡೆಕ್ಸ್ ಸಿಗುತ್ತದೆ, 4+3, ಅಂದರೆ +7. ಆರ್ಚರಿ ಅದಕ್ಕೂ ಇಲ್ಲ.

ಎಸೆಯುವ ಆಸೆ ಇದ್ದರೆ ಡಾರ್ಟ್ ಇಟ್ಟುಕೊಳ್ಳಿ. ಅದು ಪಟ್ಟಿಯಲ್ಲಿ ರೇಂಜ್ಡ್ ಆಯುಧ, ಜೊತೆಗೆ ಫಿನೆಸ್ ಇದೆ. ಹಾಗಾಗಿ ಡೆಕ್ಸ್, ಪ್ರೊಫಿಷಿಯನ್ಸಿ, ಆರ್ಚರಿ ಮೂರೂ ಸಿಕ್ಕಿ +9. ಡ್ಯಾಮೇಜ್ 1ಡಿ4, ಜಾವೆಲಿನ್‌ಗಿಂತ ಕಡಿಮೆ, ದೂರವೂ ಕಡಿಮೆ. ಆದರೆ ನೀವು ರೋಗ್. ರೋಗ್‌ಗೆ ಹೆಚ್ಚುವರಿ ಡ್ಯಾಮೇಜ್ ಕೊಡುವ ಸ್ನೀಕ್ ಅಟ್ಯಾಕ್‌ಗೆ ಫಿನೆಸ್ ಅಥವಾ ರೇಂಜ್ಡ್ ಆಯುಧ ಬೇಕು. ಜಾವೆಲಿನ್‌ನಲ್ಲಿ ಅದು ಸಿಗುವುದಿಲ್ಲ, ಡಾರ್ಟ್‌ನಲ್ಲಿ ಸಿಗುತ್ತದೆ. ನಿಮ್ಮ ಪಾತ್ರಕ್ಕೆ ಜಾವೆಲಿನ್ ಸುಮ್ನೆ ಭಾರ.

ಇಂಥದ್ದೇ ಇನ್ನು ಕೆಲವು ನಂಬಿಕೆಗಳಿವೆ. ಡ್ಯುಯೆಲಿಂಗ್ ಸ್ಟೈಲ್, ಬಾರ್ಬೇರಿಯನ್‌ನ ರೇಜ್, ಬ್ರೇಸರ್ಸ್ ಆಫ್ ಆರ್ಚರಿ, ಇವು ಮೂರೂ ಡ್ಯಾಮೇಜ್‌ಗೆ ಸೇರುತ್ತವೆ, ಅಟ್ಯಾಕ್‌ಗೆ ಅಲ್ಲ. ಎರಡು ಕ್ಲಾಸ್ ಇದ್ದರೆ ಎರಡು ಪ್ರೊಫಿಷಿಯನ್ಸಿ ಬೋನಸ್ ಕೂಡಿಸಬೇಕು ಅನ್ನುವುದೂ ತಪ್ಪು. ಒಟ್ಟು ಲೆವೆಲ್ ನೋಡಿ ಒಂದೇ ಬೋನಸ್: 1ರಿಂದ 4ಕ್ಕೆ +2, 5ರಿಂದ 8ಕ್ಕೆ +3, ಹೀಗೆ ನಾಲ್ಕು ಲೆವೆಲ್‌ಗೊಂದು ಹೆಚ್ಚುತ್ತಾ 17ಕ್ಕೆ +6. ಮೂರನೇ ಆವೃತ್ತಿ, 3.5 ಆಡಿ ಬಂದವರು ಫೈಟರ್‌ಗೆ ಪ್ರತಿ ಲೆವೆಲ್‌ಗೂ ಒಂದೊಂದು ಏರಬೇಕು ಅಂದುಕೊಳ್ಳುತ್ತಾರೆ. ಆ ಆವೃತ್ತಿಯಲ್ಲಿ ಅದು ನಿಜವಾಗಿತ್ತು, ಇದರಲ್ಲಿ ಇಲ್ಲ. ಬ್ಲೆಸ್ ಮಂತ್ರದ 1ಡಿ4 ಸಾಮಾನ್ಯವಾಗಿ ಶೀಟ್‌ನ ನಂಬರ್‌ನಲ್ಲಿ ಕಾಣುವುದಿಲ್ಲ, ಅಡ್ವಾಂಟೇಜ್ (ಡಿ20 ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು) ಕೂಡ ಕಾಣುವುದಿಲ್ಲ. ಅದನ್ನು ತಪ್ಪು ಅಂದುಕೊಳ್ಳಬೇಡಿ.

2024ರಲ್ಲಿ ನಿಯಮಗಳು ಪರಿಷ್ಕರಣೆ ಆದ ಮೇಲೆ ಒಂದು ಹೊಸ ತೊಂದರೆ ಶುರುವಾಗಿದೆ: ಒಂದೇ ಶೀಟ್‌ನಲ್ಲಿ ಎರಡೂ ಕಾಲದ ತುಂಡುಗಳು. ಶಾರ್ಪ್‌ಶೂಟರ್ ಅನ್ನುವ ವಿಶೇಷ 2014ರಲ್ಲಿ ಅಟ್ಯಾಕ್‌ಗೆ 5 ಕಳೆದು ಡ್ಯಾಮೇಜ್‌ಗೆ 10 ಕೊಡುತ್ತಿತ್ತು, 2024ರಲ್ಲಿ ಅದು ಇಲ್ಲ. ಟ್ರೂ ಸ್ಟ್ರೈಕ್ ಮಂತ್ರ ಮೊದಲು ಅಡ್ವಾಂಟೇಜ್ ಕೊಡುತ್ತಿತ್ತು, ಈಗ ಮಂತ್ರದ ಎಬಿಲಿಟಿಯಿಂದಲೇ ಆಯುಧ ಬೀಸಲು ಬಿಡುತ್ತದೆ. ನಿಮ್ಮ ಟೇಬಲ್ 2014ರದ್ದು ಅಂದಿದ್ದೀರಿ. ಕಂಪೆಂಡಿಯಂನಿಂದ ಏನಾದರೂ ಎಳೆಯುವ ಮೊದಲು ಅದು ಯಾವ ವರ್ಷದ್ದು ಅಂತ ನೋಡಿ. ಆರ್ಚರಿಯ +2 ಎರಡರಲ್ಲೂ ಒಂದೇ, ಹಾಗಾಗಿ ನಿಮ್ಮ ಈ ತೊಂದರೆಗೆ ಅದು ಕಾರಣ ಅಲ್ಲ.

ಬೇರೆ ಶೀಟ್ ಬಳಸುವ ಓದುಗರಿಗೂ ಒಂದೆರಡು ಮಾತು. ಅಂಗಡಿ ಬಿಲ್‌ನ ಮೊತ್ತ ಜಾಸ್ತಿ ಅನಿಸಿದರೆ ನಾವು ಒಂದೊಂದೇ ಸಾಲು ನೋಡುತ್ತೇವೆ. ಇಲ್ಲೂ ಹಾಗೇ. ರೋಲ್20ಯಲ್ಲಿ ಚಾಟ್‌ನಲ್ಲಿ ಬಂದ ಫಲಿತಾಂಶದ ಮೇಲೆ ಮೌಸ್ ಇಟ್ಟರೆ ಯಾವ ಸಂಖ್ಯೆ ಎಲ್ಲಿಂದ ಬಂತು ಅಂತ ಬಿಡಿಬಿಡಿಯಾಗಿ ತೋರಿಸುತ್ತದೆ. ಡಿ ಅಂಡ್ ಡಿ ಬಿಯಾಂಡ್‌ನಲ್ಲಿ ಆಯುಧದ ಮೇಲೆ ಒತ್ತಿ ಕಸ್ಟಮೈಸ್ ತೆರೆಯಿರಿ, ಅಲ್ಲಿ ಟು ಹಿಟ್ ಓವರ್‌ರೈಡ್ ಖಾನೆಯಲ್ಲಿ ಹಳೆಯ ಸಂಖ್ಯೆ ಉಳಿದಿದೆಯಾ ನೋಡಿ. ಅಟ್ಯೂನ್ ಆಗಬೇಕಾದ (ಪಾತ್ರದ ಜೊತೆ ನಂಟು ಬೆಸೆಯಬೇಕಾದ) ಮಾಯದ ವಸ್ತುವಿಗೆ ಅಟ್ಯೂನ್ ಗುರುತು ಇಲ್ಲದಿದ್ದರೆ ಅದರ ಬೋನಸ್ ಬರುವುದಿಲ್ಲ.

ಗೂಗಲ್ ಶೀಟ್ಸ್‌ನಲ್ಲಿ ತಾವೇ ಶೀಟ್ ಮಾಡಿಕೊಂಡವರು ಇನ್ನೊಂದು ಜಾಗ ನೋಡಬೇಕು. ಮಾಡಿಫೈಯರ್ ಅಂದರೆ ಸ್ಕೋರ್‌ನಿಂದ 10 ಕಳೆದು, ಎರಡರಿಂದ ಭಾಗಿಸಿ, ಕೆಳಗಿನ ಪೂರ್ಣ ಸಂಖ್ಯೆ. ಸ್ಕೋರ್ 9 ಇದ್ದರೆ −0.5, ಅದರ ಕೆಳಗಿನದು −1. ರೌಂಡ್‌ಡೌನ್ ಫಂಕ್ಷನ್ ಸೊನ್ನೆಯ ಕಡೆಗೆ ಇಳಿಸುತ್ತದೆ, ಅದು 0 ಕೊಡುತ್ತದೆ. ಇಂಟ್ ಫಂಕ್ಷನ್ −1 ಕೊಡುತ್ತದೆ. ಹತ್ತು ಮತ್ತು ಅದಕ್ಕಿಂತ ಮೇಲಿನ ಸ್ಕೋರ್‌ಗಳಲ್ಲಿ ಎರಡೂ ಒಂದೇ ಉತ್ತರ ಕೊಡುವುದರಿಂದ ಈ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರುತ್ತದೆ. 9, 7, 5ರಂಥ ಸ್ಕೋರ್ ಇರುವ ಪಾತ್ರ ಬಂದ ದಿನ ಹೊರಗೆ ಬರುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆ, ಟೈಪ್ ಮಾಡಿ ಮುಗಿಸಲೇ ಅಂತ. ಆಟ ನಡೆಯುತ್ತಿದೆ, ಎಲ್ಲರೂ ಕಾಯುತ್ತಿದ್ದಾರೆ ಅಂದರೆ ಆ ರಾತ್ರಿಗೆ ಟೈಪ್ ಮಾಡಿ, ತಪ್ಪಿಲ್ಲ. ಆದರೆ ಆಟ ಮುಗಿದ ಮೇಲೆ ತೆಗೆಯಿರಿ. ಟೈಪ್ ಮಾಡಿದ ಸಂಖ್ಯೆಗೆ ನೀವು ಲೆವೆಲ್ ಏರಿದ್ದು ಗೊತ್ತಾಗುವುದಿಲ್ಲ. ಮಿಕ್ಕೆಲ್ಲ ಏರಿದರೂ ಅದು ಮಾತ್ರ ಅಲ್ಲೇ ನಿಲ್ಲುತ್ತದೆ. ಇಲ್ಲ ನಿಮ್ಮ ಬಿಲ್ಲಿನ ಹಾಗೆ, ನಿಜವಾದ ಬೋನಸ್ ಬಂದಾಗ ಅದರ ಮೇಲೆ ಕೂತುಬಿಡುತ್ತದೆ. ನನ್ನ ಹತ್ತಿರ ಬರುವ ಶೀಟ್‌ಗಳಲ್ಲಿ ದೊಡ್ಡ ಪಾಲು ಯಾವತ್ತೋ ಅವಸರದಲ್ಲಿ ಟೈಪ್ ಮಾಡಿ ಮರೆತದ್ದೇ.

ಆಯುಧ ಅಳಿಸಿ ಕಂಪೆಂಡಿಯಂನಿಂದ ಮತ್ತೆ ತರುವುದು ಇನ್ನೊಂದು ದಾರಿ. ಲಾಂಗ್‌ಬೋಗೆ ಅದು ಚೆನ್ನಾಗಿ ನಡೆಯುತ್ತದೆ. ರೇಪಿಯರ್‌ಗೆ ಬೇಡ, ಡಿಎಂ ಅದಕ್ಕೆ ಬರೆದ ವಿವರಣೆ ಹೋಗುತ್ತದೆ. ಶೀಟ್ ಪೂರ್ತಿ ಹೊಸದಾಗಿ ಮಾಡುವುದು ಕೊನೆಯ ದಾರಿ, ಎರಡು ಕ್ಲಾಸ್ ಇರುವ ಪಾತ್ರಕ್ಕೆ ಅದರಲ್ಲಿ ಅಪಾಯ ಜಾಸ್ತಿ. ಮೊದಲು ಯಾವ ಕ್ಲಾಸ್ ತಗೊಂಡಿರಿ ಅನ್ನುವುದರ ಮೇಲೆ ಸೇವಿಂಗ್ ಥ್ರೋ, ಮೊದಲ ಲೆವೆಲ್‌ನ ಹಿಟ್ ಪಾಯಿಂಟ್, ಆರಂಭದ ಪ್ರೊಫಿಷಿಯನ್ಸಿಗಳು ನಿಂತಿವೆ. ಕ್ರಮ ತಪ್ಪಿ ಫೈಟರ್ ಮೊದಲು ಹಾಕಿದರೆ ಒಂದು ತಪ್ಪು ತಿದ್ದಲು ಹೋಗಿ ನಾಲ್ಕು ಮಾಡಿಕೊಳ್ಳುತ್ತೀರಿ. ಮಾಡಲೇಬೇಕು ಅಂದರೆ ಹಳೆಯ ಪಾತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಡೇಟಾ ಒತ್ತಿ ಫೈಲ್ ಇಟ್ಟುಕೊಳ್ಳಿ. ನಿಮಗೆ ಆ ಆಯ್ಕೆ ಕಾಣದಿದ್ದರೆ ಡಿಎಂ ಮಾಡಿಕೊಡಲಿ.

ಗೆಳೆಯರ ಅನುಮಾನದ ಬಗ್ಗೆ. ಡಿ20ಯಲ್ಲಿ ಒಂದು ಅಂಕ ಅಂದರೆ 5 ಶೇಕಡಾ. ಎದುರಾಳಿಯ ಆರ್ಮರ್ ಕ್ಲಾಸ್ (ಏಟು ತಗಲಲು ನಿಮ್ಮ ಮೊತ್ತ ಮುಟ್ಟಬೇಕಾದ ಅಂಕ) 15 ಅಂದುಕೊಳ್ಳಿ. +11ರಲ್ಲಿ ನಿಮ್ಮ ಬಾಣ ತಗಲುವ ಸಾಧ್ಯತೆ 85 ಶೇಕಡಾ, +9ರಲ್ಲಿ 75. ಅದೇ ಎದುರಾಳಿಗೆ ರೇಪಿಯರ್ +4ರಲ್ಲಿ 50, ಇರಬೇಕಾಗಿದ್ದ +8ರಲ್ಲಿ 70. ಬಿಲ್ಲಲ್ಲಿ ಸಿಕ್ಕಿದ್ದಕ್ಕಿಂತ ಕತ್ತಿಯಲ್ಲಿ ಕಳೆದುಕೊಂಡದ್ದೇ ಪ್ರತಿ ಏಟಿಗೂ ಜಾಸ್ತಿ. ಮೋಸ ಮಾಡುವವರು ತಮ್ಮ ಕತ್ತಿಯಿಂದ ನಾಲ್ಕು ಕಳೆದುಕೊಳ್ಳುವುದಿಲ್ಲ. ಗುಂಪಿನಲ್ಲಿ ಈ ಎರಡೂ ಲೆಕ್ಕ ಒಟ್ಟಿಗೆ ಹಾಕಿ, ಹಳೆಯ ನಂಬರ್, ಹೊಸ ನಂಬರ್, ಕಾರಣ, ಮೂರೇ ಸಾಲು. ಹಿಂದಿನ ಆಟಗಳ ಏಟುಗಳನ್ನು ಮತ್ತೆ ಲೆಕ್ಕ ಹಾಕಲು ಹೋಗಬೇಡಿ. ಸತ್ತ ಗಾಬ್ಲಿನ್ ಸತ್ತದ್ದೇ ಇರಲಿ. ಪ್ರಶ್ನೆ ಕೇಳಿದ ಗೆಳೆಯನಿಗೆ ಒಂದು ಥ್ಯಾಂಕ್ಸ್ ಹೇಳಿ, ಅವನು ಕೇಳದಿದ್ದರೆ ರೇಪಿಯರ್‌ನ ತಪ್ಪು ಹೀಗೇ ಮುಂದುವರಿಯುತ್ತಿತ್ತು.

ಕೊನೆಯದಾಗಿ ಎಬಿಲಿಟಿ ಸ್ಕೋರ್. ಅದು ದೋಷ ಅಲ್ಲ. ಆ ಅವಕಾಶ ಸಿಗುವುದು ಒಟ್ಟು ಲೆವೆಲ್ ನೋಡಿ ಅಲ್ಲ, ಕ್ಲಾಸ್‌ನ ಲೆವೆಲ್ ನೋಡಿ. ರೋಗ್ 4 ಅಥವಾ ಫೈಟರ್ 4 ಆಗಬೇಕು. ನೀವು ರೋಗ್ 3ಕ್ಕೆ ನಿಲ್ಲಿಸಿ ಫೈಟರ್ ಕಡೆ ಹೋದಿರಿ, ಹಾಗಾಗಿ ಅದು ಒಂದು ಹೆಜ್ಜೆ ದೂರದಲ್ಲಿ ಕಾಯುತ್ತಿದೆ. ಮುಂದಿನ ಲೆವೆಲ್ ರೋಗ್‌ಗೇ ಹಾಕಿ, ಎರಡೂ ಅಂಕ ಡೆಕ್ಸ್‌ಗೆ ಕೊಟ್ಟರೆ 20 ಆಗುತ್ತದೆ, ಮಾಡಿಫೈಯರ್ +5. ಒಟ್ಟು 6ನೇ ಲೆವೆಲ್‌ನಲ್ಲಿ ಪ್ರೊಫಿಷಿಯನ್ಸಿ +3 ಆಗಿಯೇ ಇರುತ್ತದೆ. ಆಗ ಶೀಟ್ ತಾನಾಗಿಯೇ ರೇಪಿಯರ್‌ಗೆ +9, ಲಾಂಗ್‌ಬೋಗೆ +10, ಡ್ಯಾಗರ್‌ಗೆ +8 ತೋರಿಸಬೇಕು, ಜಾವೆಲಿನ್ ಇನ್ನೂ ಇದ್ದರೆ ಅದೇ +3. ಯಾವುದಾದರೂ ಒಂದು ಏರದೆ ನಿಂತರೆ ಆ ಆಯುಧದ ಒಳಗೆ ಕೈಯಾರೆ ಬರೆದ ಸಂಖ್ಯೆಯೊಂದು ಇನ್ನೂ ಉಳಿದಿದೆ. ಅಲ್ಲಿಂದಲೇ ಹುಡುಕಲು ಶುರು ಮಾಡಿ.